ಎಲಿಸ್ಪಾಟ್
ವೈರಸ್‌ನಿರೋಧಕ ಪ್ರೋಟೀನುಗಳನ್ನು ಸ್ರವಿಸುವ ರಕ್ಷಣಾ ಕೋಶಗಳನ್ನು ಒಂದೊಂದಾಗಿ ಎಣಿಸುವ ಪ್ರಯೋಗಾಲಯ ವಿಧಾನ. ಇದರಲ್ಲಿ ಮುಖ್ಯವಾಗಿ ಪತ್ತೆ ಮಾಡುವುದು ಗಾಮಾ ಇಂಟರ್‌ಫೆರಾನ್ ಸ್ರವಿಸುವ ಟಿ ಕೋಶಗಳನ್ನು.

ಹಿನ್ನೆಲೆ: 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಭ್ರೂಣದ ಪೊರೆಯನ್ನು, ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸಿನ ಜೊತೆ ದ್ರವದಲ್ಲಿ ಇಟ್ಟರು. ಆ ದ್ರವದಲ್ಲಿ ನೆನೆಸಿದ ಹೊಸ ಪೊರೆಯಲ್ಲಿ ಜೀವಂತ ವೈರಸ್ಸಿನ ಬೆಳವಣಿಗೆ ಕುಂಠಿತವಾಯಿತು. ಈ ಗುಣ ಕೊಟ್ಟ ವಸ್ತುವನ್ನು ಅವರು ಇಂಟರ್‌ಫೆರಾನ್ ಎಂದು ಕರೆದರು. ಮುಂದೆ ದ್ರವದಲ್ಲಿ ಅದರ ಪ್ರಮಾಣ ಅಳೆಯುವುದು ಸಾಧ್ಯವಾಯಿತು; ಎಷ್ಟು ಕೋಶಗಳು ಅದನ್ನು ತಯಾರಿಸಿದವೆಂಬುದು ಮಾತ್ರ ಆ ಅಳತೆಯಿಂದ ತಿಳಿಯುತ್ತಿರಲಿಲ್ಲ.

ಬೆಳವಣಿಗೆ: ಪ್ರತಿಕಾಯ ತಯಾರಿಸುವ ಒಂಟಿ ಕೋಶವನ್ನು ಗುರುತಿಸುವ ದಾರಿಯನ್ನು 1963ರಲ್ಲಿ ಯೆರ್ನೆ ಮತ್ತು ನಾರ್ಡಿನ್ ತೋರಿಸಿದ್ದರು. 1983ರಲ್ಲಿ ಚೆರ್ಕಿನ್ಸ್ಕಿ ತಂಡವೂ ಸೆಜ್ವಿಕ್–ಹೋಲ್ಟ್ ಜೋಡಿಯೂ ಬೇರೆಬೇರೆಯಾಗಿ ಅದೇ ಕೆಲಸಕ್ಕೆ, ಕಿಣ್ವದಿಂದ ಬಣ್ಣ ಬರಿಸಿ ಪ್ರೋಟೀನನ್ನು ಪತ್ತೆ ಮಾಡುವ ಎಲೈಸಾ ತತ್ತ್ವವನ್ನು ಬಳಸಿದರು. 1988ರಲ್ಲಿ ಚೆರ್ಕಿನ್ಸ್ಕಿ ತಂಡ ಅದನ್ನು ಗಾಮಾ ಇಂಟರ್‌ಫೆರಾನ್‌ಗೆ ಅಳವಡಿಸಿತು.

ವಿಧಾನ: 96 ಗುಳಿಗಳ ತಟ್ಟೆಯ ತಳದ ಪೊರೆಗೆ ಇಂಟರ್‌ಫೆರಾನನ್ನು ಹಿಡಿಯುವ ಪ್ರತಿಕಾಯ ಲೇಪಿಸಿ, ರಕ್ತದಿಂದ ಬೇರ್ಪಡಿಸಿದ ಕೋಶಗಳನ್ನೂ ವೈರಸ್ಸಿನ ಪ್ರೋಟೀನಿನ ತುಣುಕುಗಳನ್ನೂ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುತ್ತಾರೆ. ವೈರಸ್ಸಿನ ಗುರುತು ಹಿಡಿದ ಕೋಶ ಇಂಟರ್‌ಫೆರಾನ್ ಸ್ರವಿಸುತ್ತದೆ; ಅದು ಹರಡುವ ಮುನ್ನ ಕೋಶದ ಸುತ್ತಲೇ ಪೊರೆಗೆ ಅಂಟುತ್ತದೆ. ಕೋಶಗಳನ್ನು ತೊಳೆದು, ಎರಡನೆಯ ಪ್ರತಿಕಾಯ, ಕಿಣ್ವ ಮತ್ತು ಬಣ್ಣ ಕೊಡುವ ರಾಸಾಯನಿಕ ಹಾಕಿದಾಗ ಅಲ್ಲಿ ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆಯೆಂದರೆ ಒಂದು ಕೋಶ. ಲೆಕ್ಕ ಹತ್ತು ಲಕ್ಷ ಕೋಶಗಳಿಗೆ ಇಷ್ಟು ಎಂದು. ತೀರ ವಿರಳವಾದ ಕೋಶಗಳೂ ಹೀಗೆ ಕೈಗೆ ಸಿಗುತ್ತವೆ. 1990ರ ದಶಕದಲ್ಲಿ ಬಳಕೆಗೆ ಬಂದ, ಫ್ಲೋ ಸೈಟೊಮೆಟ್ರಿ ಆಧರಿತ ಇನ್ನೊಂದು ವಿಧಾನದಲ್ಲಿ ಸ್ರಾವವನ್ನು ಕೋಶದೊಳಗೇ ತಡೆದು ಬಣ್ಣ ಹಚ್ಚುವುದರಿಂದ ಕೋಶ ಯಾವ ಬಗೆಯದೆಂಬುದೂ ತಿಳಿಯುತ್ತದೆ.

ಭಾರತದಲ್ಲಿ: 2006ರಲ್ಲಿ ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ಎಚ್‌ಐವಿ ಲಸಿಕೆಯ ಮೊದಲ ಹಂತದ ಪ್ರಯೋಗದಲ್ಲಿ ಎಲಿಸ್ಪಾಟ್ ಬಳಕೆಯಾಯಿತು. 2020ರಲ್ಲಿ ಬೆಳಗಾವಿಯದೂ ಸೇರಿ 11 ಆಸ್ಪತ್ರೆಗಳಲ್ಲಿ 375 ಮಂದಿ ಸ್ವಯಂಸೇವಕರ ಮೇಲೆ ನಡೆದ ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ನ ಪ್ರಯೋಗದಲ್ಲಿ ಕೆಲವರ ರಕ್ತವನ್ನು ಇದರಿಂದ ಪರೀಕ್ಷಿಸಲಾಯಿತು. ಕ್ಷಯದ ಸೋಂಕನ್ನು ಗುರುತಿಸಲೂ ಇದೇ ತತ್ತ್ವ ಉಪಯುಕ್ತ: ಕ್ಷಯದ ಬಿಸಿಜಿ ಲಸಿಕೆಯಲ್ಲಿಲ್ಲದ, ಕ್ಷಯದ ಬ್ಯಾಕ್ಟೀರಿಯಾದ ಇಸ್ಯಾಟ್-6 ಪ್ರೋಟೀನನ್ನು ಬಳಸುವುದರಿಂದ, ಟ್ಯೂಬರ್ಕುಲಿನ್ ಚುಚ್ಚುಪರೀಕ್ಷೆಯಂತೆ ಲಸಿಕೆಯ ಪರಿಣಾಮವನ್ನೇ ಸೋಂಕೆಂದು ಎಣಿಸುವ ಗೊಂದಲವಿಲ್ಲ.

ಮಿತಿ: ಚುಕ್ಕೆಗಳು ಹೆಚ್ಚಿದ ಮಾತ್ರಕ್ಕೆ ರೋಗದಿಂದ ರಕ್ಷಣೆ ಖಚಿತವಲ್ಲ. ರಕ್ತವನ್ನು ಬೇಗ ಸಂಸ್ಕರಿಸದಿದ್ದರೆ ಕೋಶಗಳು ಬಳಲಿ ಎಣಿಕೆ ತಗ್ಗುತ್ತದೆ. ಆದ್ದರಿಂದ ಲಸಿಕೆಯ ಮೌಲ್ಯಮಾಪನದಲ್ಲಿ ಈ ಎಣಿಕೆಯನ್ನು ಪ್ರತಿಕಾಯಗಳ ಪರೀಕ್ಷೆಯೊಂದಿಗೆ ಸೇರಿಸಿಯೇ ಓದಬೇಕು.