ಬಟ್ಟೆ ಸರಿಯಬೇಕೋ, ಸೂಜಿ ಸರಿಯಬೇಕೋ?

ಶಹಾಪುರ ತಾಲೂಕಿನ ಶಿರವಾಳಕ್ಕೆ ಸಂಶೋಧಕರು ಹೋಗುವುದು ಅಲ್ಲಿಯ ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳನ್ನು ನೋಡಲು. ಕಲ್ಲು ಅರ್ಧ ಬಿದ್ದರೂ ಉಳಿದರ್ಧ ತನ್ನ ಕಾಲವನ್ನು ಹೇಳುತ್ತದೆ. ಅದೇ ಸೀಮೆಯಲ್ಲಿ ಮನೆಗಳ ಮುಂದೆ ಬಿಸಿಲಿಗೆ ಹಾಕಿದ ಕೌದಿಗಳಿಗೆ ಆ ಭಾಗ್ಯವಿಲ್ಲ. ಹಳೆಯ ಸೀರೆ, ಧೋತರ, ಲುಂಗಿ, ಅಂಗಿಗಳಿಂದ ಹುಟ್ಟುವ ಕೌದಿ ಹರಿದು ಜೀರ್ಣವಾದ ಮೇಲೆ ಇನ್ನೊಂದು ಕೌದಿಯ ಒಳಪದರವಾಗುತ್ತದೆ. ತನ್ನ ದಾಖಲೆಯನ್ನು ತಾನೇ ನುಂಗುವ ಇಂಥ ವಸ್ತುವಿಗೆ ಚರಿತ್ರೆ ಬರೆಯುವುದು ಕಷ್ಟ. ಆದರೆ ಅದನ್ನು ಹೊಲಿಯುವ ಬಗೆಗೆ ಚರಿತ್ರೆಯಿದೆ. ಕೌದಿಗೆ ಮಶೀನು ತರುವ ಮಾತು ಬಂದಾಗಲಾದರೂ ಅದನ್ನು ನಾವು ನೆನೆಯಬೇಕು.

ಮನೆಯ ಹೊದಿಕೆಯಾಗಿದ್ದ ಕೌದಿ ಈಗ ಪಟ್ಟಣದ ಮಳಿಗೆಗಳಲ್ಲೂ ಮಾರಾಟವಾಗುತ್ತದೆ. ಕೈಯಲ್ಲಿ ಹೊಲಿದರೆ ಒಂದಕ್ಕೆ ವಾರಗಟ್ಟಲೆ ಬೇಕು; ಬೆನ್ನು, ಕಣ್ಣು, ಬೆರಳು ಮೂರೂ ಸೋಲುತ್ತವೆ. ಮಶೀನು ಬೇಡವೆನ್ನಲು ನಾವಾರು? ಪ್ರಶ್ನೆ ಇರುವುದು ಯಾವ ಮಶೀನು ಎಂಬುದರಲ್ಲಿ. ರಜಾಯಿ ಹೊಲಿಯುವವರಿಗೆ ಇಂದು ಎರಡು ದಾರಿಗಳಿವೆ. ಒಂದು ಚೌಕಟ್ಟಿನ ಮಶೀನು. ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿನ ಉರುಳೆಗಳಿಗೆ ಬಟ್ಟೆಯನ್ನು ಬಿಗಿದು ಚಾಚಿರುತ್ತಾರೆ. ಉದ್ದ ತೋಳಿನ ಮಶೀನು ಹಳಿಯ ಮೇಲೆ ಓಡುತ್ತದೆ. ಹೊಲಿಯುವವರು ನಿಂತು ಹಿಡಿಕೆ ಹಿಡಿದು ಅದನ್ನು ನಡೆಸುತ್ತಾರೆ. ಬಟ್ಟೆ ಸ್ಥಿರ, ಸೂಜಿ ಚರ. ಇನ್ನೊಂದು ಕುಳಿತು ಹೊಲಿಯುವ ಮಶೀನು. ಇದರಲ್ಲಿ ಸೂಜಿ ನಿಂತಲ್ಲೇ ಕುಟ್ಟುತ್ತದೆ, ಎರಡು ಕೈಯಿಂದ ಬಟ್ಟೆಯನ್ನು ಸರಿಸಬೇಕು. ಮನೆಯ ಮಾಮೂಲಿ ಮಶೀನಿನಲ್ಲಿ ಸೂಜಿಗೂ ಮಶೀನಿನ ಕಂಬಕ್ಕೂ ನಡುವೆ ಆರೇಳು ಇಂಚು ಜಾಗವಷ್ಟೇ. ರಜಾಯಿಗೆಂದೇ ಮಾಡಿದ್ದರಲ್ಲಿ ಅದು ಹದಿನಾರು, ಇಪ್ಪತ್ತು ಇಂಚಿನವರೆಗೆ ಇರುತ್ತದೆ.

ಎರಡರ ಹಿಂದೆಯೂ ಹಳೆಯ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹೆಂಗಸರು ಮರದ ಚೌಕಟ್ಟಿಗೆ ರಜಾಯಿಯನ್ನು ಬಿಗಿದು, ಅದರ ಸುತ್ತ ನೆರೆಹೊರೆಯವರೊಂದಿಗೆ ಕುಳಿತು ಹೊಲಿಯುತ್ತಿದ್ದರು. ಎಲಿಯಾಸ್ ಹೌ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಚೌಕಟ್ಟಿನ ಮೇಲೆ ಓಡುವ ಇಂದಿನ ಉದ್ದ ತೋಳಿನ ಮಶೀನು ಬಳಕೆಗೆ ಬಂದದ್ದು 1980ರ ದಶಕದಲ್ಲಿ, ಮಿಸ್ಸೌರಿಯ ಗ್ಯಾಮಿಲ್ ಕಂಪನಿಯಂಥವರಿಂದ. ಮಶೀನಿನ ಹೊಲಿಗೆ ಹೊಲಿಗೆಯೇ ಅಲ್ಲ ಎಂಬ ಜಗಳ ಅಲ್ಲಿಯೂ ಇತ್ತು. 1989ರಲ್ಲಿ ಕೆಂಟಕಿಯ ಪಡೂಕಾದ ದೊಡ್ಡ ಸ್ಪರ್ಧೆಯಲ್ಲಿ ಮಶೀನಿನಲ್ಲಿ ಹೊಲಿದ ರಜಾಯಿಯೊಂದು ಮೊದಲ ಬಾರಿಗೆ ಅತ್ಯುನ್ನತ ಬಹುಮಾನ ಪಡೆದಾಗ ಬಹಳ ಗದ್ದಲವಾಯಿತು.

ನಮ್ಮ ಕಡೆಯದು ಮೂರನೆಯ ದಾರಿ. ಇಲ್ಲಿ ಚೌಕಟ್ಟೂ ಇಲ್ಲ, ಮೇಜೂ ಇಲ್ಲ. ಅಂಗಳದಲ್ಲೋ ಪಡಸಾಲೆಯಲ್ಲೋ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿಗೆ ಕಲ್ಲು ಹೇರಿ, ಹೆಂಗಸರು ಅದರ ಮೇಲೆಯೇ ಕುಳಿತು ಹೊಲಿಯುತ್ತಾರೆ. ಬಟ್ಟೆಯೂ ಸರಿಯುವುದಿಲ್ಲ, ಯಂತ್ರವೂ ಇಲ್ಲ, ಸರಿಯುವವಳು ಹೊಲಿಯುವವಳೇ. ಕನ್ನಡದವರು ಕೌದಿ ಎನ್ನುವುದನ್ನು ದಖನಿ ಮಾತನಾಡುವ ಮನೆಗಳಲ್ಲಿ ಗುದಡಿ ಎನ್ನುತ್ತಾರೆ. ಹೆಸರು ಎರಡು, ಹೊಲಿಗೆ ಒಂದೇ.

ಗುದಡಿ ಎಂದೊಡನೆ ಫಕೀರರ ನೆನಪಾಗುತ್ತದೆ. ಶಹಾಪುರಕ್ಕೆ ಹತ್ತಿರದ ಗೋಗಿಯಲ್ಲಿ ಸೂಫಿ ಚಂದಾ ಹುಸೇನಿಯವರ ದರ್ಗಾ ಇದೆ. ಬಿಜಾಪುರದ ರಾಜ್ಯ ಕಟ್ಟಿ 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಶಾಹ ಮತ್ತು ಅವನ ನಂತರದ ಮೊದಲ ಸುಲ್ತಾನರು ಮಲಗಿರುವುದು ಅಲ್ಲಿಯೇ. ಜರತಾರಿ ಉಟ್ಟವರು ತೇಪೆಯ ಅಂಗಿಯ ಪರಂಪರೆಯವರ ನೆರಳು ಬಯಸಿ ಬಂದದ್ದು ನಮ್ಮ ಸೀಮೆಯ ಸೋಜಿಗಗಳಲ್ಲಿ ಒಂದು. ಆ ತೇಪೆಯ ಅಂಗಿಯ ಬಗೆಗೆ ಹನ್ನೊಂದನೆಯ ಶತಮಾನದಲ್ಲಿ ಹುಜ್ವೀರಿಯವರು ತಮ್ಮ ಫಾರಸಿ ಗ್ರಂಥ ಕಶ್ಫುಲ್ ಮಹಜೂಬ್‌ನಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ತೇಪೆ ಹಚ್ಚುವ ಹೊಲಿಗೆಯ ಬಗೆಗೆ ಗುರುಗಳಲ್ಲಿ ಎರಡು ಪಕ್ಷಗಳಿದ್ದವಂತೆ. ಸೂಜಿ ತಲೆಯೆತ್ತಿದ ಕಡೆ ದಾರ ಎಳೆದರೆ ಸಾಕು, ಸಾಲು ನೋಡುತ್ತ ಕೂಡಬಾರದು ಎಂಬುದು ಒಂದು. ಹೊಲಿಗೆ ನೆಟ್ಟಗಿರಬೇಕು, ಅದಕ್ಕಾಗಿ ಶ್ರಮಪಡುವುದೂ ಸಾಧನೆಯ ಭಾಗವೇ ಎಂಬುದು ಇನ್ನೊಂದು. ಇಂದಿನ ಮಶೀನುಗಳಲ್ಲಿ ಕೈ ವೇಗವಾಗಿ ಸರಿದರೂ ನಿಧಾನವಾಗಿ ಸರಿದರೂ ಹೊಲಿಗೆಯ ಅಳತೆಯನ್ನು ಒಂದೇ ಸಮ ಇಡುವ ಉಪಕರಣ ಬಂದಿದೆ. ಎರಡನೆಯ ಪಕ್ಷದವರ ಶ್ರಮವನ್ನು ಅದು ತಪ್ಪಿಸಿತು. ಸಾಧನೆಯನ್ನೂ ತಪ್ಪಿಸಿತೋ ಏನೋ.

ಬೆಲೆಯ ಮಾತು ಹಾಗಿರಲಿ, ಚೌಕಟ್ಟಿನ ಮಶೀನಿಗೆ ಬೇಕಾದುದು ಮೊದಲೇ ಪೂರ್ತಿಯಾದ ಮೇಲು ಹಾಸು. ಮೇಲಿನದು, ನಡುವಿನ ಹತ್ತಿ, ಕೆಳಗಿನದು ಇವುಗಳನ್ನು ಬೇರೆ ಬೇರೆ ಬಿಗಿದು ಒಮ್ಮೆಗೇ ಹೊಲಿಯುವುದರಿಂದ ಕಚ್ಚಾ ಹೊಲಿಗೆಯ ಕೆಲಸ ಉಳಿಯುತ್ತದೆ. ಕೌದಿ ಹಾಗೆ ಹುಟ್ಟುವುದಿಲ್ಲ. ಒಂದು ತುಂಡಿನ ಅಂಚು ಮಡಚಿ ಇಟ್ಟು ಹೊಲಿದ ಮೇಲೆಯೇ ಅದರ ಪಕ್ಕಕ್ಕೆ ಯಾವ ತುಂಡು ಎಂಬುದು ಹೊಳೆಯುವುದು. ತುಂಡು ಕೂಡಿಸುವ ಹೊಲಿಗೆಯೂ ಪದರ ಕೂಡಿಸುವ ಹೊಲಿಗೆಯೂ ಒಂದೇ. ಉರುಳೆಗೆ ಸುತ್ತಿಕೊಂಡು ಅಂಗೈಯಗಲ ಮಾತ್ರ ತೆರೆದಿರುವ ಬಟ್ಟೆಯ ಮೇಲೆ ಈ ಲೆಕ್ಕ ನಡೆಯದು. ಜೊತೆಗೆ ಹಳೆಯ ಬಟ್ಟೆ ಒಂದೆಡೆ ದಪ್ಪ, ಒಂದೆಡೆ ತೆಳು. ಬಿಗಿದು ಎಳೆದರೆ ಮೊದಲು ಹರಿಯುವುದು ತೆಳುವಾದದ್ದು.

ಕುಳಿತು ಹೊಲಿಯುವ ಮಶೀನಿಗೂ ಕುಂದಿಲ್ಲವೆಂದಲ್ಲ. ಐದಾರು ಸೀರೆಗಳ ಭಾರವನ್ನು ಸೂಜಿಯ ಕೆಳಗೆ ತಿರುಗಿಸಿ ತಿರುಗಿಸಿ ಹೆಗಲು ಇಳಿದುಹೋಗುತ್ತದೆ. ಸುತ್ತ ಅಗಲವಾದ ಮೇಜು ಇರದಿದ್ದರೆ ಕೌದಿ ಜೋತುಬಿದ್ದು ಸೂಜಿಯನ್ನೇ ಎಳೆದು ಮುರಿಯುತ್ತದೆ. ಆದರೂ ಅಲ್ಲಿ ಬಟ್ಟೆ ಹೆಂಗಸಿನ ಕೈಯಲ್ಲಿರುತ್ತದೆ. ನಿಲ್ಲಿಸಿ, ತುಂಡು ಬದಲಿಸಿ, ಮತ್ತೆ ಹೊಲಿಯಬಹುದು. ಮನೆಯ ಒಂದು ಮೂಲೆ ಸಾಕು. ಚೌಕಟ್ಟಿಗೆ ಒಂದು ಕೋಣೆಯೇ ಬೇಕು, ಮತ್ತು ಕೋಣೆ ಯಾರದೋ ಕೆಲಸ ಅವರದಾಗುತ್ತದೆ.

ಇದು ಬರಿಯ ಊಹೆಯಲ್ಲ. ನಮ್ಮ ಕಣ್ಣೆದುರಿಗೆ ಪಿಂಜಾರರ ಚರಿತ್ರೆಯಿದೆ. ನದಾಫರೆಂದೂ ಕರೆಯುವ ಈ ಮುಸ್ಲಿಮರು ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗಿ, ಗಿರಾಕಿಯ ಅಂಗಳದಲ್ಲೇ ಅರಳೆ ಹಿಂಜಿ, ಗಾದಿ ತುಂಬಿ, ಅಲ್ಲಿಯೇ ಹೊಲಿದುಕೊಡುತ್ತಿದ್ದರು. ಬಂಡವಾಳವೆಂದರೆ ಒಂದು ಬಿಲ್ಲು, ಒಂದು ಮರದ ಗುಂಡು, ಉದ್ದನೆಯ ಸೂಜಿ. ಕರೆಂಟಿನ ಮೇಲೆ ಹಿಂಜುವ ಯಂತ್ರ ಬಂದಾಗ ಯಂತ್ರ ಕೊಳ್ಳಬಲ್ಲ ಕೆಲವರು ಅಂಗಡಿ ಹಾಕಿ ಚೆನ್ನಾಗಿಯೇ ಬದುಕಿದರು. ಉಳಿದವರು ಬಿಲ್ಲನ್ನು ಅಟ್ಟಕ್ಕೆ ಹಾಕಿ ಅದೇ ಕಸುಬಿನಲ್ಲಿ ಕೂಲಿಯಾದರು, ಇಲ್ಲವೆ ಕಸುಬನ್ನೇ ಬಿಟ್ಟರು. ಆಮೇಲೆ ಫೋಮಿನ ಗಾದಿ ಬಂದು ಅಂಗಡಿಯವರನ್ನೂ ಅಲುಗಾಡಿಸಿತು. ಎದೆಯ ಧೂಳು ಕಡಿಮೆಯಾಯಿತೆಂಬುದು ನಿಜ. ಆ ಬಿಲ್ಲಿನ ದುಡಿಮೆಯನ್ನು ಹಾಡಿ ಹೊಗಳುವುದು ನಮಗೆ ಬೇಕಾಗಿಲ್ಲ. ಆದರೆ ಯಂತ್ರ ಯಾರ ಹೆಸರಿನಲ್ಲಿ ಬಂತು ಎಂಬುದರ ಮೇಲೆ ಒಂದು ಸಮುದಾಯದ ಹಣೆಬರಹ ನಿಂತಿತ್ತು.

ಯಂತ್ರಗಳ ಬಗೆಗೆ ಅಷ್ಟು ಕಟುವಾಗಿದ್ದ ಗಾಂಧೀಜಿ 1924ರಲ್ಲಿ ಜಿ. ರಾಮಚಂದ್ರನ್ ಅವರೊಂದಿಗೆ ಮಾತಾಡುತ್ತ ಹೊಲಿಗೆ ಯಂತ್ರವೊಂದಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬುದು ಅವರು ಕೊಟ್ಟ ಕಾರಣ. ಆ ಯಂತ್ರ ಮಾಡುವ ಕಾರ್ಖಾನೆಯ ಗತಿಯೇನು ಎಂದು ಕೇಳಿದಾಗ, ಅದು ಸರಕಾರದ ಒಡೆತನದಲ್ಲೋ ಹತೋಟಿಯಲ್ಲೋ ಇರಲಿ ಎಂದರು. ಸಿಂಗರನ ಸಂಸಾರದ ಸಂಗತಿ ಅಷ್ಟು ಸರಳವಾಗಿರಲಿಲ್ಲ, ಅದು ಬೇರೆ ಮಾತು. ಯಂತ್ರದ ಪ್ರಶ್ನೆ ಒಡೆತನದ ಪ್ರಶ್ನೆಯಾಗಿ ತಿರುಗುವುದನ್ನು ಅವರು ಕಂಡಿದ್ದರು.

ಹೀಗಾಗಿ ಶಿರವಾಳದಂಥ ಊರಿನ ಹೆಂಗಸರ ಸಂಘವೊಂದು ಹಣ ಕೂಡಿಸಿ ನಮ್ಮನ್ನು ಕೇಳಿದರೆ, ಅಗಲ ತೋಳಿನ ಕುಳಿತು ಹೊಲಿಯುವ ಮಶೀನನ್ನೇ ನಾವು ಹೇಳುತ್ತೇವೆ. ಒಂದು ದೊಡ್ಡ ಚೌಕಟ್ಟಿನ ದುಡ್ಡಿಗೆ ಇಂಥವು ಒಂದಕ್ಕಿಂತ ಹೆಚ್ಚು ಬರುತ್ತವೆ, ಹೆಚ್ಚು ಮನೆಗಳಲ್ಲಿ ಕೂಡುತ್ತವೆ. ಹೊಸ ಬಟ್ಟೆಯ ಒಂದೇ ನಮೂನೆಯ ನೂರು ರಜಾಯಿ ಬೇಕೆಂಬ ವ್ಯಾಪಾರಿಗೆ ಚೌಕಟ್ಟು ಸರಿ; ಅವನು ಕೊಳ್ಳಲಿ.

ಮಶೀನು ಎಲ್ಲಿಯವರೆಗೆ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿ ಹೆಂಗಸರನ್ನು ನೋಡಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಮೂವರೂ ಕೌದಿ ಹೊಲಿಯುತ್ತಾರೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಅವರ ಸಹಕಾರಿ ಗುಂಪೊಂದು ಹುಟ್ಟಿ, ಅವರ ಕೌದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋದವು. ಅವರ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಒಳಕ್ಕೆ ಬರುತ್ತದೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ಪುಟ್ಟ ತುಂಡುಗಳನ್ನು ಹಚ್ಚುತ್ತಾರೆ. ಅವರು ಅದನ್ನು ಫೂಲ, ಎಂದರೆ ಹೂ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಮಾತಿನಲ್ಲಿ ಬೆತ್ತಲೆ ಕೌದಿ.