ಸಾಮಾಜಿಕ ಜಾಲತಾಣಗಳ ಗೀಳು: ಬೀದರ ಜಿಲ್ಲೆಯ ವಿದ್ಯಾರ್ಥಿಗಳಿಗೆ ಗುಂಪು ಮಾರ್ಗದರ್ಶನ ಮತ್ತು ಸ್ವನಿರ್ವಹಣೆ

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು 2022ರಲ್ಲಿ ಜಾರಿಗೆ ಬಂದಾಗ ಡಿಜಿಟಲ್ ಆಟಗಳ ಗೀಳನ್ನು ಪ್ರತ್ಯೇಕ ಅಸ್ವಸ್ಥತೆಯೆಂದು ಅಂಗೀಕರಿಸಿತಾದರೂ ಸಾಮಾಜಿಕ ಜಾಲತಾಣಗಳ ಗೀಳಿಗೆ ಅಂಥ ಸ್ಥಾನ ನೀಡಲಿಲ್ಲ. ಆದ್ದರಿಂದ ವಿದ್ಯಾರ್ಥಿಗೆ ವ್ಯಸನಿಯೆಂಬ ಹಣೆಪಟ್ಟಿ ಹಚ್ಚುವ ಮೊದಲು, ಆತನು ಎಷ್ಟು ಹೊತ್ತು ನೋಡುತ್ತಾನೆ ಎಂಬುದಕ್ಕಿಂತಲೂ ನಿದ್ದೆ ಕೆಟ್ಟು ಓದು ಹಿಂದೆ ಬಿದ್ದರೂ ನಿಲ್ಲಿಸಲಾರದ ಸ್ಥಿತಿಗೆ ಬಂದಿದ್ದಾನೆಯೇ ಎಂಬುದನ್ನು ಗಮನಿಸಬೇಕಾಗುತ್ತದೆ.

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆ-ಕಾಲೇಜುಗಳು ಮುಚ್ಚಿದಾಗ ಮೊಬೈಲೇ ತರಗತಿಯಾಯಿತು. ಟಿಪ್ಪಣಿ, ವೇಳಾಪಟ್ಟಿ, ಪರೀಕ್ಷೆಯ ಸೂಚನೆಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ರೂಢಿ ಆಮೇಲೂ ಉಳಿಯಿತು. ಭಾಲ್ಕಿ, ಔರಾದ ತಾಲ್ಲೂಕಿನ ಹಳ್ಳಿಯ ವಿದ್ಯಾರ್ಥಿಗೆ, ಅದರಲ್ಲೂ ದುಡಿಮೆಗೆಂದು ಹೈದರಾಬಾದಿಗೆ ಹೋದ ತಂದೆ-ತಾಯಿಯ ಮಕ್ಕಳಿಗೆ, ಮನೆಯವರ ದನಿಯೂ ಅದೇ ಫೋನಿನಲ್ಲಿ ಕೇಳಬೇಕು. ಅದನ್ನು ಕಸಿದಿಟ್ಟರೆ ರೀಲ್ಸ್ ಜೊತೆಗೆ ಪಾಠವೂ ಹೋಗುತ್ತದೆಯಾದ್ದರಿಂದ ನಿಷೇಧವು ಇಲ್ಲಿ ಪರಿಹಾರವಾಗಲಾರದು.

ನಿಷೇಧದ ಬದಲು ನೆರವಾಗಬಲ್ಲವು ಗುಂಪು ಮಾರ್ಗದರ್ಶನ ಮತ್ತು ಸ್ವನಿರ್ವಹಣೆ. ಗುಂಪು ಮಾರ್ಗದರ್ಶನವೆಂದರೆ ತರಬೇತಿ ಪಡೆದ ಆಪ್ತಸಮಾಲೋಚಕರ ಸಮ್ಮುಖದಲ್ಲಿ ಎಂಟು-ಹತ್ತು ವಿದ್ಯಾರ್ಥಿಗಳು ನಿಯತವಾಗಿ ಕೂಡಿ, ಒಂದೇ ಬಗೆಯ ತೊಡಕನ್ನು ಪರಸ್ಪರ ಬಿಚ್ಚಿ ಹೇಳಿ ದಾರಿ ಕಂಡುಕೊಳ್ಳುವ ಕ್ರಮ, ಉಪನ್ಯಾಸವಲ್ಲ. ರಾತ್ರಿ ಎರಡು ಗಂಟೆಯವರೆಗೆ ಪರದೆ ಸರಿಸುತ್ತಿದ್ದುದು ತಾನೊಬ್ಬನೇ ಅಲ್ಲವೆಂದು ತಿಳಿದಾಗ ನಾಚಿಕೆ ಕರಗುತ್ತದೆ, ಮುಚ್ಚಿಡುವ ಅಗತ್ಯವೂ ತಪ್ಪುತ್ತದೆ. ಮನೆಯಲ್ಲಿ ಮರಾಠಿ, ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳು ಈ ಜಿಲ್ಲೆಯಲ್ಲಿ ಬಹಳ. ಅವರು ಬೆರಕೆ ಮಾತಿನಲ್ಲೇ ಹೇಳಿಕೊಳ್ಳಲು ಬಿಡದಿದ್ದರೆ ಗುಂಪು ಮೌನವಾಗಿಬಿಡುತ್ತದೆ. ತಪ್ಪೊಪ್ಪಿಕೊಂಡರೆ ಫೋನಿನ ಜೊತೆಗೆ ಕಾಲೇಜೂ ಬಿಡಬೇಕಾದೀತೆಂದು ಹೆದರುವ ಹುಡುಗಿಯರಿಗೆ ಬೇರೆ ಗುಂಪೇ ಲೇಸು, ಅಲ್ಲಿ ಆಡಿದ ಮಾತು ಮನೆಗೆ ಮುಟ್ಟಬಾರದು.

ಸ್ವನಿರ್ವಹಣೆಯನ್ನು ಮನೋವಿಜ್ಞಾನಿ ಫ್ರೆಡರಿಕ್ ಕ್ಯಾನ್‌ಫರ್ ತನ್ನನ್ನು ತಾನು ಗಮನಿಸುವುದು, ಅಳೆಯುವುದು, ಮೆಚ್ಚಿಕೊಳ್ಳುವುದು ಎಂಬ ಮೂರು ಹಂತಗಳಲ್ಲಿ ವಿವರಿಸಿದ್ದಾರೆ. ಮೊದಲ ಹಂತಕ್ಕೆ ಒಂದು ನೋಟ್‌ಬುಕ್ ಸಾಕು: ಇನ್‌ಸ್ಟಾಗ್ರಾಂ ತೆರೆದ ವೇಳೆ, ತೆರೆಯುವ ಮುನ್ನ ಇದ್ದ ಮನಸ್ಥಿತಿ, ಆಗ ಬಾಕಿಯಿದ್ದ ಕೆಲಸ, ಮುಚ್ಚಿದ ವೇಳೆ. ಒಂದು ವಾರ ಬರೆದರೆ, ಬೇಸರ, ಒಂಟಿತನ ಅಥವಾ ಕಠಿಣವಾದ ಪಾಠ ಎದುರಾದಾಗ ಕೈ ತಾನಾಗಿಯೇ ಫೋನಿಗೆ ಹೋಗುವುದನ್ನು ವಿದ್ಯಾರ್ಥಿ ತನ್ನ ಬರಹದಲ್ಲೇ ಕಾಣಬಲ್ಲ. ಬಳಿಕ ಆತನೇ ಮಿತಿ ಗೊತ್ತುಮಾಡಿ ಗುಂಪಿನೆದುರು ಹೇಳುತ್ತಾನೆ. ತರಗತಿಯ ಗುಂಪನ್ನು ಉಳಿಸಿ ಉಳಿದ ಸೂಚನೆಗಳ ಸದ್ದು ಆರಿಸುವುದು, ಮಲಗುವಾಗ ಫೋನನ್ನು ಇನ್ನೊಂದು ಕೋಣೆಯಲ್ಲಿಡುವುದು, ಒಂದೇ ಕೋಣೆಯ ಮನೆಯಾದರೆ ಹಿರಿಯರ ಕೈಗೆ ಕೊಡುವುದು ಇಂಥ ಮಿತಿಗಳು. ಮಿತಿ ಮೀರಿದ ದಿನವನ್ನು ಸೋಲೆನ್ನದೆ, ಆ ದಿನ ಏನಾಗಿತ್ತೆಂದು ಗುಂಪು ವಿಚಾರಿಸಬೇಕು.

ಗೀಳಿನ ಹಿಂದೆ ಖಿನ್ನತೆ ಅಥವಾ ತೀವ್ರ ಆತಂಕವಿದ್ದಲ್ಲಿ ಗುಂಪೊಂದೇ ಸಾಲದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಗೀಳಿಗೆಂದೇ ಆರಂಭಿಸಿದ ಶಟ್ ಕ್ಲಿನಿಕ್ ಬೀದರದಿಂದ ಸುಮಾರು 700 ಕಿಲೋಮೀಟರ್ ದೂರವಿರುವುದರಿಂದ, ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಮತ್ತು ಬೀದರದ ಬ್ರಿಮ್ಸ್ ಆಸ್ಪತ್ರೆಯೇ ಹತ್ತಿರದ ಆಸರೆ. ಯಾವ ವಿದ್ಯಾರ್ಥಿಯನ್ನು ಯಾವಾಗ ಅಲ್ಲಿಗೆ ಕಳಿಸಬೇಕೆಂಬುದನ್ನು ಸಮಾಲೋಚಕರು ಮೊದಲ ಕೂಟಕ್ಕೂ ಮುನ್ನವೇ ನಿಗದಿಪಡಿಸಿಕೊಂಡಿರಬೇಕು.