ಸ್ಥಿರ ಲಿನಕ್ಸ್, ಹೊಸ ಡೆಸ್ಕ್‌ಟಾಪ್ ಮತ್ತು ಕನ್ನಡ ಬಳಕೆದಾರ

ಲಿನಕ್ಸ್ ಎಂಬುದು ಗಣಕದ ಯಂತ್ರಾಂಶವನ್ನು ನಿಭಾಯಿಸುವ ತಿರುಳಿನ ಹೆಸರು. ಅದರೊಂದಿಗೆ ಸಾವಿರಾರು ತಂತ್ರಾಂಶಗಳನ್ನು ಹೊಂದಿಸಿ, ಪರೀಕ್ಷಿಸಿ, ಒಂದೇ ಕಟ್ಟಾಗಿ ಕೊಡುವ ವ್ಯವಸ್ಥೆಗೆ ‘ವಿತರಣೆ’ ಎಂದೂ, ಕಿಟಕಿ, ಮೆನು, ಫಲಕಗಳಾಗಿ ತೆರೆಯ ಮೇಲೆ ಕಾಣುವ ಭಾಗಕ್ಕೆ ‘ಡೆಸ್ಕ್‌ಟಾಪ್ ಪರಿಸರ’ ಎಂದೂ ಹೆಸರು. ಡೆಬಿಯನ್‌ನಂಥ ಸ್ಥಿರ ವಿತರಣೆ ಸುಮಾರು ಎರಡು ವರ್ಷಕ್ಕೊಮ್ಮೆ ಬಿಡುಗಡೆಯಾಗಿ, ಆಮೇಲೆ ಭದ್ರತೆಯ ಮತ್ತು ಗಂಭೀರ ದೋಷಗಳ ದುರಸ್ತಿಯನ್ನಷ್ಟೇ ಒಪ್ಪಿಕೊಳ್ಳುತ್ತದೆ. ಗ್ನೋಮ್ ಡೆಸ್ಕ್‌ಟಾಪಾದರೋ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ನಡುವೆ ಬಂದ ಹೊಸ ಡೆಸ್ಕ್‌ಟಾಪನ್ನು ಸ್ಥಿರ ವಿತರಣೆ ಒಳಗೆ ಬಿಟ್ಟುಕೊಳ್ಳಬೇಕೆ ಎಂಬ ವಿವಾದ ಈ ಅಂತರದಿಂದಲೇ ಹುಟ್ಟಿದೆ.

ಬಿಟ್ಟುಕೊಳ್ಳಬಾರದೆನ್ನುವವರಿಗೆ ಗಟ್ಟಿ ಆಧಾರ ಒದಗಿಸಿದ್ದು ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್. 2008ರ ಜನವರಿಯಲ್ಲಿ ಹೊರಬಂದ ಕೆಡಿಇ 4.0 ಬುಡದಿಂದ ಹೊಸದಾಗಿ ಕಟ್ಟಿದ ಡೆಸ್ಕ್‌ಟಾಪ್ ಆಗಿದ್ದು, ಹಳೆಯ 3.5ರಲ್ಲಿದ್ದ ಎಷ್ಟೋ ಸೌಲಭ್ಯಗಳು ಅದರಲ್ಲಿ ಇನ್ನೂ ಬಂದಿರಲಿಲ್ಲ. ಹೊಸತನಕ್ಕೆ ಹೆಸರಾದ ಫೆಡೋರಾ ವಿತರಣೆ ಅದೇ ವರ್ಷದ ಮೇ ತಿಂಗಳಲ್ಲಿ ಅದನ್ನು ಸ್ವೀಕರಿಸಿತು. ಡೆಬಿಯನ್ 2009ರ ಫೆಬ್ರವರಿಯ ಬಿಡುಗಡೆಯಲ್ಲೂ 3.5ನ್ನೇ ಉಳಿಸಿಕೊಂಡು, ಹೊಸ ಸರಣಿ 4.4ರವರೆಗೆ ಮಾಗಿದ ಮೇಲೆ ಮುಂದಿನ ಬಿಡುಗಡೆಗೆ ತಂದಿತು. ಆ ತಾಳ್ಮೆ ಸರಿಯಾಗಿತ್ತು ಎನ್ನಲು ಅಡ್ಡಿಯಿಲ್ಲ.

ಈ ಇತಿಹಾಸದ ಮುಂದಿನ ಘಟ್ಟಕ್ಕೂ ಬೆಂಗಳೂರಿಗೂ ನೇರ ನಂಟಿದೆ. 2011ರ ಮಾರ್ಚ್‌ನಲ್ಲಿ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇ ಸಮ್ಮೇಳನವೂ, ಏಪ್ರಿಲ್ ಮೊದಲ ವಾರದಲ್ಲಿ ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ವಿದ್ಯಾಸಂಸ್ಥೆಯಲ್ಲಿ ಗ್ನೋಮ್ ಏಷ್ಯಾ ಶೃಂಗಸಭೆಯೂ ನಡೆದವು. ಶೃಂಗಸಭೆ ಮುಗಿದ ಕೆಲವೇ ದಿನಗಳಲ್ಲಿ, ಏಪ್ರಿಲ್ 6ರಂದು, ಗ್ನೋಮ್ 3.0 ಬಿಡುಗಡೆಯಾಯಿತು. ಕೆಳಗಿನ ಫಲಕ, ಕಿಟಕಿಗಳ ಪಟ್ಟಿ, ಹಳೆಯ ಮೆನು ಎಲ್ಲವನ್ನೂ ತೆಗೆದುಹಾಕಿದ್ದ ಈ ಆವೃತ್ತಿಯ ಹೊಸ ಹೊರಮೈ ಮೂರು ಆಯಾಮದ ಗ್ರಾಫಿಕ್ಸ್ ಬಲವನ್ನೂ ಬೇಡುತ್ತಿತ್ತು. ಇದನ್ನು ಒಪ್ಪದವರು ಹಳೆಯ ಗ್ನೋಮ್ 2ರ ಮೂಲದಿಂದ ‘ಮಾಟೆ’ ಎಂಬ ಕವಲನ್ನು ಬೆಳೆಸಿದರು. ಲಿನಕ್ಸ್ ಮಿಂಟ್ ವಿತರಣೆ ‘ಸಿನಮನ್’ ಎಂಬ ತನ್ನದೇ ಡೆಸ್ಕ್‌ಟಾಪ್ ಕಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಷ್ಟೇ ಬಿಡುಗಡೆಯಾಗಿದ್ದ ಡೆಬಿಯನ್ 6ರ ಬಳಕೆದಾರರು ಮಾತ್ರ ಗ್ನೋಮ್ 2.30ರಲ್ಲಿ ನೆಮ್ಮದಿಯಾಗಿದ್ದರು.

ಇಲ್ಲಿಯವರೆಗಿನ ಕಥನ ಸ್ಥಿರತೆಯ ಪರವಾಗಿಯೇ ಇದೆ. ಆದರೆ ಕನ್ನಡದಲ್ಲಿ ಓದಿ ಬರೆಯುವವರ ಕಡೆಯಿಂದ ನೋಡಿದಾಗ ಲೆಕ್ಕ ಬದಲಾಗುತ್ತದೆ. ಡೆಸ್ಕ್‌ಟಾಪ್ ಎಂದರೆ ಹೊರಮೈ ಮಾತ್ರವಲ್ಲ, ಅದರ ಅಡಿಯಲ್ಲಿ ಅಕ್ಷರಗಳನ್ನು ಜೋಡಿಸಿ ಒತ್ತು, ಗುಣಿತಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಪದರವೂ ಇರುತ್ತದೆ. ‘ರ‍್ಯಾಂಕ್’ ಎಂಬ ಪದವನ್ನೇ ನೋಡಬಹುದು: ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಟ್ಟರೆ ರ ತನ್ನ ಪೂರ್ಣರೂಪದಲ್ಲಿ ನಿಂತು ಯ ಒತ್ತಾಗುತ್ತದೆ, ಇಡದಿದ್ದರೆ ರ ಅರ್ಕಾವೊತ್ತಾಗಿ ಬಲಕ್ಕೆ ಸರಿದು ‘ರ್ಯಾಂಕ್’ ಎಂದಾಗುತ್ತದೆ. ಇಂಥ ಸೂಕ್ಷ್ಮಗಳನ್ನು ಗ್ನೋಮ್‌ನಲ್ಲಿ ನಿರ್ಧರಿಸುವುದು ‘ಪಾಂಗೊ’ ಎಂಬ ತಂತ್ರಾಂಶ. 2012ರಲ್ಲಿ ಪಾಂಗೊ ತನ್ನ ಹಳೆಯ ಭಾರತೀಯ ಲಿಪಿ ಘಟಕವನ್ನು ಬಿಟ್ಟು, ಹೊಸದಾಗಿ ಬರೆದ ‘ಹಾರ್ಫ್‌ಬಜ್’ ಯಂತ್ರಕ್ಕೆ ಬದಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನ ಗ್ನೋಮ್ 3.6ರಲ್ಲಿ, ಅದುವರೆಗೆ ಬಳಕೆದಾರರೇ ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕಿದ್ದ ‘ಐಬಸ್’ ಎಂಬ ಲಿಪಿ ನಮೂದು ವ್ಯವಸ್ಥೆ ಡೆಸ್ಕ್‌ಟಾಪಿನ ಅಂಗವಾಗಿ, ಕನ್ನಡ ಕೀಲಿಮಣೆಯನ್ನು ಆಯ್ದುಕೊಳ್ಳುವುದು ಸುಲಭವಾಯಿತು.

ಡೆಬಿಯನ್ 7 ಇವೆರಡನ್ನೂ ತಪ್ಪಿಸಿಕೊಂಡಿತು. ಬಿಡುಗಡೆಗೆ ಮುನ್ನ ಹೊಸ ಆವೃತ್ತಿಗಳಿಗೆ ಬಾಗಿಲು ಹಾಕುವ ‘ಫ್ರೀಜ್’ ಅದಕ್ಕೆ 2012ರ ಜೂನ್ ಕೊನೆಯಲ್ಲಿ ಜಾರಿಯಾಗಿತ್ತು. 2013ರ ಮೇ ತಿಂಗಳಲ್ಲಿ ಅದು ಗ್ನೋಮ್ 3.4 ಮತ್ತು ಹಳೆಯ ಪಾಂಗೊ ಜೊತೆಗೇ ಹೊರಬಂದಿತು, ಮುಂದಿನ ಸ್ಥಿರ ಬಿಡುಗಡೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಇಂಗ್ಲಿಷ್ ಬಳಕೆದಾರನಿಗೆ ಈ ವಿಳಂಬ ಅಂದಚೆಂದದ ಮಾತಾಗಿದ್ದರೆ, ಕನ್ನಡ ಬಳಕೆದಾರನಿಗೆ ಅದು ಅಕ್ಷರದ ಮಾತಾಗಿತ್ತು.

ಹಾಗೆಂದು ಇಡೀ ಡೆಸ್ಕ್‌ಟಾಪನ್ನೇ ಆಗಾಗ ಬದಲಿಸುವುದು ಕನ್ನಡಕ್ಕೆ ಅನುಕೂಲವೆಂದೂ ಹೇಳಲಾಗದು. ಹೊಸ ಆವೃತ್ತಿ ಬಂದಾಗಲೆಲ್ಲ ಮೆನು ಮತ್ತು ಸಂದೇಶಗಳ ಸಾಲುಗಳು ಬದಲಾಗುತ್ತವೆ, ಶೇ. 80ರಷ್ಟು ಸಾಲುಗಳು ಅನುವಾದವಾದ ಭಾಷೆಯನ್ನು ಮಾತ್ರ ಗ್ನೋಮ್ ಬೆಂಬಲಿತ ಭಾಷೆಯೆಂದು ಪರಿಗಣಿಸುತ್ತದೆ. ಬಿಡುವಿನ ವೇಳೆಯಲ್ಲಿ ದುಡಿಯುವ ಸಣ್ಣ ತಂಡ ಆರು ತಿಂಗಳ ಓಟಕ್ಕೆ ಹೆಜ್ಜೆ ಹಾಕಲಾಗದೆ ಹಿಂದೆ ಬಿದ್ದರೆ, ತೆರೆಯ ಮೇಲೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಉಳಿಯುತ್ತದೆ. ಎರಡು ವರ್ಷ ಅಲುಗದ ಡೆಸ್ಕ್‌ಟಾಪ್ ಅನುವಾದಕರ ಪಾಲಿಗೆ ನಿಜವಾದ ಉಪಕಾರ.

ನಡುದಾರಿಯೊಂದನ್ನು ಉದ್ಯಮಗಳಿಗಾಗಿ ಲಿನಕ್ಸ್ ವಿತರಣೆ ಕಟ್ಟುವ ರೆಡ್ ಹ್ಯಾಟ್ ಸಂಸ್ಥೆ ತೋರಿಸಿಕೊಟ್ಟಿತು. 2014ರಲ್ಲಿ ಗ್ನೋಮ್ 3.8ರೊಡನೆ ಬಂದ ಅದರ ಏಳನೆಯ ಉದ್ಯಮ ಆವೃತ್ತಿ, ಉಪಆವೃತ್ತಿಗಳಲ್ಲಿ 3.14, 3.22 ಮತ್ತು 3.28ಕ್ಕೆ ಏರಿತು, ತಿರುಳು ಹಳೆಯದಾಗಿಯೇ ಉಳಿದು ಮೇಲಿನ ಪದರ ಮಾತ್ರ ಹೊಸದಾಯಿತು. ಸಂಬಳದ ಪರೀಕ್ಷಕರಿರುವ ಸಂಸ್ಥೆಗೆ ಸಾಧ್ಯವಾದದ್ದು ಸ್ವಯಂಸೇವಕರ ಡೆಬಿಯನ್‌ಗೆ ಸುಲಭವಲ್ಲ. ಹೊಸ ತಂತ್ರಾಂಶವನ್ನು ಹಳೆಯ ಬಿಡುಗಡೆಗೆ ಹೊಂದುವಂತೆ ಮರಳಿ ಕಟ್ಟುವ ಬ್ಯಾಕ್‌ಪೋರ್ಟ್ ಪದ್ಧತಿ ಬಿಡಿ ತಂತ್ರಾಂಶಗಳಿಗೆ ಒದಗಬಲ್ಲದು. ನೂರಾರು ಭಾಗಗಳು ಒಂದಕ್ಕೊಂದು ಹೆಣೆದುಕೊಂಡ ಡೆಸ್ಕ್‌ಟಾಪಿಗೆ ಅದು ಭಾರವಾದ ಕೆಲಸ.

ಆದ್ದರಿಂದ ಹೊರಮೈಯನ್ನೂ ಅಕ್ಷರದ ಪದರವನ್ನೂ ಒಂದೇ ನಿಯಮಕ್ಕೆ ಕಟ್ಟುವುದು ತಪ್ಪು. ಹೊರಮೈ ಮುಂದಿನ ಬಿಡುಗಡೆಯವರೆಗೆ ಕಾಯಲಿ. ಲಿಪಿಯನ್ನು ತಪ್ಪಾಗಿ ತೋರಿಸುವ ದೋಷವನ್ನು ಮಾತ್ರ ಗಂಭೀರ ದೋಷವೆಂದೇ ಎಣಿಸಿ ಸ್ಥಿರ ಆವೃತ್ತಿಯಲ್ಲೇ ಸರಿಪಡಿಸಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಗ್ನೋಮ್ 48 ಮತ್ತು ಕೆಡಿಇಯ ಪ್ಲಾಸ್ಮಾ 6.3ನ್ನು ಹೊತ್ತು ತಂದಿದೆ. ಅದರ ಮುಂದಿನ ಬಿಡುಗಡೆಗೂ ಒಂದು ಫ್ರೀಜ್ ಬರಲಿದೆ. ಆ ಬಾಗಿಲು ಮುಚ್ಚುವ ಮುನ್ನ ಕನ್ನಡ ಬಲ್ಲವರು ಪರೀಕ್ಷಾ ಆವೃತ್ತಿಯನ್ನು ಹಾಕಿಕೊಂಡು, ‘ರ‍್ಯಾಂಕ್’ ಎಂದು ಟೈಪಿಸಿ ನೋಡಿ, ತಪ್ಪು ಕಂಡರೆ ದೋಷವರದಿ ಬರೆಯಬೇಕು.